ಹಳೆಯ ಪಿಎಲ್‌ಸಿ ಕಾಪಾಡುವುದು, ಬದಲಿಸುವುದು: ಸಕ್ಕರೆ ಕಾರ್ಖಾನೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಸಕ್ಕರೆ ಕಾರ್ಖಾನೆಯಲ್ಲಿ ಪಿಎಲ್‌ಸಿ (ಬರೆದಿಟ್ಟ ಪ್ರೋಗ್ರಾಮಿನಂತೆ ಯಂತ್ರ ನಡೆಸುವ ಕೈಗಾರಿಕಾ ಕಂಪ್ಯೂಟರ್) ಕೆಟ್ಟರೆ ನಷ್ಟ ಪ್ಯಾನಲ್ ರೂಮಿನೊಳಗೇ ಉಳಿಯುವುದಿಲ್ಲ. ಮಿಲ್ ನಿಂತ ಗಳಿಗೆಯಿಂದ ಯಾರ್ಡಿನಲ್ಲಿ ಟ್ರ್ಯಾಕ್ಟರುಗಳ ಸಾಲು ಬೆಳೆಯುತ್ತದೆ. ಕಡಿದ ಕಬ್ಬು ಬಿಸಿಲಿಗೆ ಒಣಗಿ ತೂಕ ಕಳೆದುಕೊಳ್ಳುತ್ತದೆ, ಅದರಲ್ಲಿನ ಸಕ್ಕರೆಯ ಅಂಶವೂ ಇಳಿಯುತ್ತದೆ. ತೂಕದ ನಷ್ಟ ರೈತನ ತಲೆಗೆ, ರಿಕವರಿಯ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ನಷ್ಟ ಕಾರ್ಖಾನೆಯ ತಲೆಗೆ. ಹಾಗಾಗಿ ಇನ್‌ಸ್ಟ್ರುಮೆಂಟ್ ವಿಭಾಗದ ಕೆಲಸವನ್ನು ನಾನು ಕಬ್ಬು ಬೆಳೆದವನ ಕಡೆಯಿಂದಲೇ ನೋಡುತ್ತೇನೆ.

ಇಪ್ಪತ್ತು, ಇಪ್ಪತ್ತೈದು ವರ್ಷ ದಾಟಿದ ಕಾರ್ಖಾನೆಗಳಲ್ಲಿ ಸೀಮೆನ್ಸ್‌ನ ಎಸ್5-115ಯು, ಎಸ್7-300, ಅಲೆನ್ ಬ್ರಾಡ್ಲಿಯ ಪಿಎಲ್‌ಸಿ-5, ಎಸ್‌ಎಲ್‌ಸಿ-500 ಇವೇ ಹೆಚ್ಚಾಗಿ ಕಣ್ಣಿಗೆ ಬೀಳುವುದು. ಎಸ್5 ಸರಣಿ ಮಾರುಕಟ್ಟೆಗೆ ಬಂದದ್ದು 1979ರಲ್ಲಿ. ಪಿಎಲ್‌ಸಿ-5 ಮಾರಾಟ 2017ರಲ್ಲಿ ನಿಂತಿತು. ನಮ್ಮಲ್ಲಿ ಎಷ್ಟೋ ಮಂದಿ ಇನ್ನೂ ಹೊಸದೆಂದೇ ತಿಳಿದಿರುವ ಎಸ್7-300ನ್ನೂ 2023ರ ಅಕ್ಟೋಬರ್‌ನಿಂದ ಹಂತಹಂತವಾಗಿ ಹಿಂದೆ ಸರಿಸಲಾಗುತ್ತಿದೆ. ಆದರೂ ಇವೆಲ್ಲ ಗಟ್ಟಿ ಯಂತ್ರಗಳು, ಚೆನ್ನಾಗಿ ನೋಡಿಕೊಂಡರೆ ಇನ್ನೂ ಕೆಲವು ಹಂಗಾಮು ಓಡುತ್ತವೆ. ಆ ಕೆಲವು ಹಂಗಾಮುಗಳನ್ನು ಬದಲಾವಣೆಯ ತಯಾರಿಗೆ ಬಳಸಿಕೊಳ್ಳುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಮೊದಲು ಲೆಕ್ಕ ಹಿಡಿಯಿರಿ

ಒಂದು ನೋಟ್‌ಬುಕ್ ಹಿಡಿದು ಪ್ರತಿ ಪ್ಯಾನಲ್ ತೆರೆಯಿರಿ. ಕೇನ್ ಕ್ಯಾರಿಯರ್ (ಕಬ್ಬನ್ನು ಮಿಲ್ಲಿಗೆ ಸಾಗಿಸುವ ಯಂತ್ರ), ಮಿಲ್ ಡ್ರೈವ್, ಜ್ಯೂಸ್ ಹೀಟರ್, ಪ್ಯಾನ್ (ಪಾಕ ಹರಳುಗಟ್ಟಿಸುವ ಪಾತ್ರೆ), ಸೆಂಟ್ರಿಫ್ಯೂಗಲ್ (ಬುಟ್ಟಿ ತಿರುಗಿಸಿ ಸಕ್ಕರೆ ಬೇರ್ಪಡಿಸುವ ಯಂತ್ರ), ಬಾಯ್ಲರ್, ನೀರಿನ ಪ್ಲಾಂಟ್ ಯಾವುದನ್ನೂ ಬಿಡಬೇಡಿ. ಪ್ರತಿ ಕಾರ್ಡಿನ ಪೂರ್ತಿ ಆರ್ಡರ್ ನಂಬರ್, ಸಿಪಿಯು (ಪ್ರೋಗ್ರಾಮ್ ಓಡಿಸುವ ಮುಖ್ಯ ಕಾರ್ಡು) ಆವೃತ್ತಿ, ಬ್ಯಾಟರಿ ಹಾಕಿದ ದಿನಾಂಕ, ಪ್ರೋಗ್ರಾಮ್ ಯಾರ ಬಳಿ ಇದೆ, ಸ್ಟೋರಿನಲ್ಲಿ ಎಷ್ಟು ಸ್ಪೇರ್ ಇದೆ ಎಲ್ಲವನ್ನೂ ಬರೆದುಕೊಳ್ಳಿ. ಪ್ಯಾನಲ್ಲಿನ ಫೋಟೊ ತೆಗೆಯಿರಿ, ವೈರಿನ ಫೆರುಲ್ (ವೈರಿನ ತುದಿಗೆ ಹಾಕುವ ಗುರುತಿನ ಕೊಳವೆ) ನಂಬರ್ ಓದುವಷ್ಟು ಹತ್ತಿರದಿಂದ.

ಆಮೇಲೆ ಪ್ರತಿ ಸಾಲಿನ ಎದುರು ಒಂದೇ ಪ್ರಶ್ನೆ ಬರೆಯಿರಿ: ಈ ಸಿಪಿಯು ಈಗ ಸತ್ತರೆ ಏನು ನಿಲ್ಲುತ್ತದೆ? ಆರು ಸೆಂಟ್ರಿಫ್ಯೂಗಲ್ ಇದ್ದು ಒಂದು ನಿಂತರೆ ಹೇಗೋ ಸಂಭಾಳಿಸಬಹುದು. ಕೇನ್ ಕ್ಯಾರಿಯರ್ ನಿಂತರೆ ಇಡೀ ಕಾರ್ಖಾನೆ ನಿಂತಂತೆ. ಬದಲಾವಣೆಯ ಸರದಿ ಈ ಉತ್ತರದಿಂದ ತೀರ್ಮಾನವಾಗಬೇಕು. ಯಾವುದು ಹೆಚ್ಚು ಹಳೆಯದು ಎಂಬುದು ಎರಡನೆಯ ಮಾತು.

ಪ್ರೋಗ್ರಾಮನ್ನು ಹೊರಗೆ ತನ್ನಿ

ಕಾರ್ಡು ಎಲ್ಲಾದರೂ ಸಿಗುತ್ತದೆ. ಕಳೆದುಹೋದ ಪ್ರೋಗ್ರಾಮ್ ಎಲ್ಲೂ ಸಿಗುವುದಿಲ್ಲ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಕೆಲಸ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ.

ಎಸ್5ನ ಸಿಪಿಯು ಮಾತಾಡುವುದು 20 ಮಿಲಿಆಂಪ್ ಕರೆಂಟ್ ಲೂಪ್‌ನಲ್ಲಿ, 15 ಪಿನ್ನಿನ ಸಾಕೆಟ್ ಮೂಲಕ. ಮಾಮೂಲಿ ಸೀರಿಯಲ್ ಕೇಬಲ್ ಇಲ್ಲಿ ಕೆಲಸಕ್ಕೆ ಬಾರದು, ಕರೆಂಟ್ ಲೂಪ್ ಕನ್ವರ್ಟರ್ ಇರುವ ಕೇಬಲ್ಲೇ ಬೇಕು. ಎಸ್5ಗೆ ಪ್ರೋಗ್ರಾಮ್ ಬರೆಯುವ ಸ್ಟೆಪ್ 5 ಸಾಫ್ಟ್‌ವೇರ್ ಡಾಸ್ ಕಾಲದ್ದು. ನಿಜವಾದ ಸೀರಿಯಲ್ ಪೋರ್ಟ್ ಇರುವ, ವಿಂಡೋಸ್ ಎಕ್ಸ್‌ಪಿ ಓಡುವ ಹಳೆಯ ಲ್ಯಾಪ್‌ಟಾಪ್ ಒಂದನ್ನು ಇದಕ್ಕೆಂದೇ ಎತ್ತಿಡಿ. ಅದರ ಹಾರ್ಡ್ ಡಿಸ್ಕಿನ ಇಮೇಜ್ ಮಾಡಿ, ಹೊಸ ಕಂಪ್ಯೂಟರಿನಲ್ಲಿ ವರ್ಚುವಲ್ ಮಷಿನ್ ಆಗಿಯೂ ಇಟ್ಟುಕೊಳ್ಳಿ. ಲ್ಯಾಪ್‌ಟಾಪೂ ಒಂದು ದಿನ ಸಾಯುತ್ತದೆ. ಹಳೆಯ ಸೀಮೆನ್ಸ್ ಸಾಫ್ಟ್‌ವೇರಿನ ಲೈಸೆನ್ಸ್ ಫ್ಲಾಪಿಯಲ್ಲಿ ಬರುತ್ತಿತ್ತು. ಅದು ಈಗ ಯಾವ ಕಂಪ್ಯೂಟರಿನಲ್ಲಿದೆ ಎಂದು ಪತ್ತೆಹಚ್ಚದೆ ಯಾವ ಹಳೆಯ ಪಿಸಿಯನ್ನೂ ಫಾರ್ಮ್ಯಾಟ್ ಮಾಡಬೇಡಿ.

ಸಿಪಿಯುನಿಂದ ಅಪ್‌ಲೋಡ್ ಮಾಡಿದಾಗ ಬರುವುದು ಬರೀ ಲಾಜಿಕ್. ಎಸ್5, ಎಸ್7-300, ಎಸ್‌ಎಲ್‌ಸಿ-500 ಮೂರರಲ್ಲೂ ಕಾಮೆಂಟು, ಸಿಗ್ನಲ್ ಹೆಸರುಗಳು ಸಿಪಿಯುನಲ್ಲಿ ಇರುವುದಿಲ್ಲ. 'ಮಿಲ್ 2 ಲ್ಯೂಬ್ ಪ್ರೆಶರ್ ಓಕೆ' ಎಂದು ಬರೆದಿದ್ದ ಜಾಗದಲ್ಲಿ ಬರೀ 'ಐ 4.3' ಎಂಬ ಇನ್‌ಪುಟ್ ವಿಳಾಸ ಕಾಣುತ್ತದೆ. ಆದ್ದರಿಂದ ಮೂಲ ಪ್ರಾಜೆಕ್ಟ್ ಫೈಲನ್ನು ಹುಡುಕಿ: ಯಂತ್ರ ಕೊಟ್ಟವರ ಬಳಿ, ನಿವೃತ್ತರಾದ ಹಿರಿಯರ ಬಳಿ, ಕಂಟ್ರೋಲ್ ರೂಮಿನ ಬೀರುವಿನಲ್ಲಿ. ಸಿಕ್ಕ ಫೈಲನ್ನು ಸಿಪಿಯುನಲ್ಲಿ ಇರುವುದರ ಜೊತೆ ಬ್ಲಾಕ್ ಬ್ಲಾಕ್ ಆಗಿ ಹೋಲಿಸಿ. ವ್ಯತ್ಯಾಸ ಇದ್ದೇ ಇರುತ್ತದೆ, ಮತ್ತು ಆ ವ್ಯತ್ಯಾಸಗಳೇ ವರ್ಷಗಳಲ್ಲಿ ಯಾರ್ಯಾರೋ ಮಾಡಿದ ತಿದ್ದುಪಡಿಗಳು. ಒಂದೊಂದರ ಕಾರಣವನ್ನೂ ಕೇಳಿ ಬರೆದಿಡಿ.

ಲಾಜಿಕ್ ಜೊತೆಗೆ ಡೇಟಾ ಬ್ಲಾಕುಗಳಲ್ಲಿ (ಅಂಕಿಗಳನ್ನು ಇಡುವ ಮೆಮೊರಿ ಭಾಗ) ಈಗಿರುವ ಮೌಲ್ಯಗಳನ್ನೂ ತೆಗೆಯಿರಿ. ತೊಳೆಯುವ ಸೆಕೆಂಡು, ಲೆವೆಲ್ ಸೆಟ್‌ಪಾಯಿಂಟ್, ಪಿಐಡಿ (ಲೆವೆಲ್, ಉಷ್ಣತೆ ಹಿಡಿದಿಡುವ ನಿಯಂತ್ರಣ ಸೂತ್ರ) ಗೇನ್ ಎಲ್ಲ ಅಲ್ಲೇ ಇರುವುದು. ಮೂಲ ಫೈಲಿನಲ್ಲಿರುವ ಮೌಲ್ಯ ಕಮಿಷನಿಂಗ್ ದಿನದ್ದು, ಇಂದು ಸಕ್ಕರೆ ಮಾಡುತ್ತಿರುವ ಮೌಲ್ಯ ಬೇರೆ.

ಯಂತ್ರ ಕೊಟ್ಟವರು ಪಾಸ್‌ವರ್ಡ್ ಹಾಕಿದ್ದರೆ ಈಗಲೇ ಲಿಖಿತವಾಗಿ ಕೇಳಿ. ಯಂತ್ರ ಓಡುತ್ತಿರುವಾಗ ಮಾತಾಡಲು ಸಮಯವಿರುತ್ತದೆ, ನಿಂತ ಮೇಲೆ ಅವರು ಹೇಳಿದ್ದೇ ಬೆಲೆ.

ಹಂಗಾಮಿನ ಕೊನೆಯ ದಿನ: ಬ್ಯಾಟರಿ

ನಮ್ಮ ಉದ್ಯಮಕ್ಕೇ ವಿಶೇಷವಾದ ಅಪಾಯ ಇದು. ಉತ್ತರ ಕರ್ನಾಟಕದಲ್ಲಿ ಅಕ್ಟೋಬರ್-ನವೆಂಬರಿಗೆ ನುರಿಸುವಿಕೆ ಶುರುವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ, ಮಂಡ್ಯದ ಕಡೆ ಮಳೆಗಾಲದಲ್ಲೇ ಆರಂಭ. ಎಲ್ಲಿಯಾದರೂ ವರ್ಷದಲ್ಲಿ ತಿಂಗಳುಗಟ್ಟಲೆ ಪ್ಯಾನಲ್ಲಿಗೆ ಕರೆಂಟ್ ಇರುವುದಿಲ್ಲ. ಆ ಅಷ್ಟೂ ದಿನ ಹಳೆಯ ಸಿಪಿಯುನ ನೆನಪು ಒಂದು ಚಿಕ್ಕ ಲಿಥಿಯಂ ಬ್ಯಾಟರಿಯ ಮೇಲೆ ನಿಂತಿರುತ್ತದೆ.

ಬ್ಯಾಟರಿಯನ್ನು ಮಲ್ಟಿಮೀಟರಿನಲ್ಲಿ ನೋಡಿ 'ಚೆನ್ನಾಗಿದೆ' ಎನ್ನಬೇಡಿ. ಲಿಥಿಯಂ ಸೆಲ್ಲಿನ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದು ಮುಗಿಯುವ ಹೊತ್ತಿಗೆ ಒಮ್ಮೆಲೇ ಕುಸಿಯುತ್ತದೆ. ದಿನಾಂಕ ನೋಡಿ ಬದಲಿಸುವುದೇ ಸರಿಯಾದ ದಾರಿ. ಕೊನೆಯ ಕಬ್ಬು ನುರಿಸಿದ ಮೇಲೆ, ಪ್ಯಾನಲ್ ಆಫ್ ಮಾಡುವ ಮೊದಲು, ಸಿಪಿಯುಗೆ ಕರೆಂಟ್ ಇರುವಾಗಲೇ ಹೊಸ ಬ್ಯಾಟರಿ ಹಾಕಿ. ಕರೆಂಟ್ ತೆಗೆದು ಬ್ಯಾಟರಿ ಎಳೆದರೆ ಎಸ್5ನ ರ‍್ಯಾಮ್ ಖಾಲಿ. ಬದಲಿಸಿದವರ ಸಹಿ, ದಿನಾಂಕ ಇರುವ ಚೀಟಿಯನ್ನು ಬಾಗಿಲ ಒಳಗಡೆ ಅಂಟಿಸಿ.

ಎಸ್5ನಲ್ಲಿ ಇಪಿರಾಮ್ (ಕರೆಂಟ್ ಇಲ್ಲದೆಯೂ ಪ್ರೋಗ್ರಾಮ್ ಉಳಿಸಿಕೊಳ್ಳುವ ಚಿಪ್) ಮಾಡ್ಯೂಲ್ ಇದ್ದರೆ ಪ್ರೋಗ್ರಾಮ್ ಅದರಿಂದ ಮರಳಿ ಬರುತ್ತದೆ, ಆದರೆ ಓಡುವಾಗ ತಿದ್ದಿದ ಮೌಲ್ಯಗಳು ಬರುವುದಿಲ್ಲ. ಇಪಿರಾಮ್ ಚಿಪ್ಪಿನ ಗಾಜಿನ ಕಿಟಕಿಯ ಮೇಲಿನ ಸ್ಟಿಕ್ಕರ್ ಕಿತ್ತಿದ್ದರೆ ಹೊಸದು ಅಂಟಿಸಿ, ಅದು ಬೆಳಕಿನಿಂದ ಕಾಪಾಡಲೆಂದೇ ಇರುವುದು. ಎಸ್7-300ರ ಹೊಸ ಸಿಪಿಯುಗಳಲ್ಲಿ ಬ್ಯಾಟರಿ ಇಲ್ಲ, ಎಲ್ಲವೂ ಮೆಮೊರಿ ಕಾರ್ಡಿನಲ್ಲಿ. ಆ ಕಾರ್ಡನ್ನು ಮನೆಯ ಕಂಪ್ಯೂಟರಿಗೆ ಹಾಕಿ ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡಿದರೆ ಪಿಎಲ್‌ಸಿಗೆ ಮತ್ತೆ ಉಪಯೋಗಕ್ಕೆ ಬಾರದು. ಈ ಮಾತನ್ನು ಹೊಸದಾಗಿ ಸೇರಿದ ಹುಡುಗರಿಗೆ ಮೊದಲ ವಾರವೇ ಹೇಳಿಬಿಡಿ.

ಪವರ್ ಸಪ್ಲೈ, ಧೂಳು, ತೇವ

ಹಳೆಯ ಸಿಸ್ಟಮ್ಮಿನಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಪವರ್ ಸಪ್ಲೈ. ಅದರೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಒಣಗುತ್ತವೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅವುಗಳ ಆಯುಸ್ಸು ಸುಮಾರಾಗಿ ಅರ್ಧವಾಗುತ್ತದೆ. ಪ್ಯಾನಲ್ಲಿನ ಎಸಿ ಕೆಟ್ಟಾಗ ಬಾಗಿಲು ತೆರೆದು ಫ್ಯಾನ್ ಇಟ್ಟು ಓಡಿಸುವುದು ಎಷ್ಟು ದುಬಾರಿ ಎಂಬುದಕ್ಕೆ ಇದೇ ಲೆಕ್ಕ ಸಾಕು. ತೆರೆದ ಬಾಗಿಲಿಂದ ಬಗಾಸ್ (ನುರಿಸಿದ ಕಬ್ಬಿನ ಸಿಪ್ಪೆ) ಧೂಳು ಬೇರೆ ಒಳಗೆ ಬರುತ್ತದೆ.

24 ವೋಲ್ಟ್ ಸಪ್ಲೈಯನ್ನು ಪೂರ್ತಿ ಲೋಡಿನಲ್ಲಿ ಅಳೆಯಿರಿ. ಎಸ್7 ಕಾರ್ಡುಗಳಿಗೆ 20.4ರಿಂದ 28.8 ವೋಲ್ಟ್ ಒಳಗೆ ಇರಬೇಕು. ಆಸಿಲೋಸ್ಕೋಪ್ ಇದ್ದರೆ ರಿಪಲ್ (ಸಪ್ಲೈ ವೋಲ್ಟೇಜಿನ ಏರಿಳಿತ) ನೋಡಿ, ವರ್ಷವರ್ಷ ಬರೆದಿಡಿ. ಒಂದು ಅಳತೆಗಿಂತ ಅದು ಏರುತ್ತಿರುವ ರೀತಿ ಹೆಚ್ಚು ಹೇಳುತ್ತದೆ. 'ಸಿಪಿಯು ಒಮ್ಮೊಮ್ಮೆ ತಾನಾಗಿಯೇ ಸ್ಟಾಪ್ ಆಗುತ್ತದೆ' ಎಂಬ ದೂರು ಬಂದರೆ ಸಿಪಿಯು ಬದಲಿಸುವ ಮುಂಚೆ ಸಪ್ಲೈ ಬದಲಿಸಿ ನೋಡಿ.

ಧೂಳನ್ನು ವ್ಯಾಕ್ಯೂಮಿನಿಂದ ಎಳೆಯಿರಿ. ಕಂಪ್ರೆಸರ್ ಗಾಳಿ ಹೊಡೆದರೆ ಅದರೊಳಗಿನ ನೀರು, ಎಣ್ಣೆ ಕಾರ್ಡಿನ ಮೇಲೆ ಹೋಗುತ್ತದೆ. ಕಾರ್ಡು ಎಳೆಯುವಾಗ ಕರೆಂಟ್ ತೆಗೆದಿರಲಿ, ಕೈಗೆ ಅರ್ತಿಂಗ್ ಪಟ್ಟಿ ಇರಲಿ. ಮಳೆಗಾಲದಲ್ಲಿ ಪ್ಯಾನಲ್ ಹೀಟರಿಗೆ ಮಾತ್ರ ಬೇರೆ ಲೈನಿನಿಂದ ಕರೆಂಟ್ ಕೊಟ್ಟು ತೇವ ಹಿಡಿಯದಂತೆ ನೋಡಿಕೊಳ್ಳಿ. ಹಂಗಾಮು ಶುರುವಾಗುವುದಕ್ಕೆ ಒಂದು ತಿಂಗಳಾದರೂ ಮುಂಚೆ ಎಲ್ಲ ಪ್ಯಾನಲ್ ಆನ್ ಮಾಡಿಬಿಡಿ. ಕೆಡುವುದಿದ್ದರೆ ಬಾಯ್ಲರ್ ಹೊತ್ತಿಸುವ ಮುಂಚೆಯೇ ಕೆಡಲಿ.

ಸ್ಪೇರ್

ಬೆಂಗಳೂರಿನ ಪೀಣ್ಯದಂಥ ಕಡೆ ರಿಪೇರಿ ಮಾಡುವವರೂ ಹಳೆಯ ಕಾರ್ಡು ಮಾರುವವರೂ ಇದ್ದಾರೆ. ಕೊಳ್ಳುವುದು ತಪ್ಪಲ್ಲ, ಪರೀಕ್ಷಿಸದೆ ಕಪಾಟಿನಲ್ಲಿಡುವುದು ತಪ್ಪು. ಒಂದು ಚಿಕ್ಕ ಟೆಸ್ಟ್ ರ‍್ಯಾಕ್ ಕಟ್ಟಿ: ಒಂದು ಸಪ್ಲೈ, ಒಂದು ಸಿಪಿಯು, ಸ್ವಿಚ್ಚು-ಬಲ್ಬುಗಳ ಒಂದು ಪಟ್ಟಿ, ಸೆನ್ಸರಿನ ಸಿಗ್ನಲ್ಲಿನಂತೆ ಕೊಡಲು ಒಂದು 4-20 ಮಿಲಿಆಂಪ್ ಸೋರ್ಸ್. ಬಂದ ಪ್ರತಿ ಕಾರ್ಡೂ ಅದರ ಮೇಲೆ ಕೆಲವು ದಿನ ಓಡಲಿ. ಸ್ಟೋರಿನ ಸಪ್ಲೈಗಳನ್ನೂ ವರ್ಷಕ್ಕೊಮ್ಮೆ ಆನ್ ಮಾಡಿ ಇಡಿ, ಬಳಸದೆ ಬಿದ್ದ ಕೆಪಾಸಿಟರೂ ಕೆಡುತ್ತದೆ.

ಬದಲಿಸುವ ತೀರ್ಮಾನ

ಸಿಪಿಯುಗೆ ಸ್ಪೇರ್ ಇಲ್ಲ, ಪ್ರೋಗ್ರಾಮ್ ಬಲ್ಲವರು ಒಬ್ಬರೇ, ಸಾಫ್ಟ್‌ವೇರ್ ಓಡುವ ಪಿಸಿಯೂ ಒಂದೇ: ಈ ಮೂರರಲ್ಲಿ ಎರಡು ನಿಜವಾದರೂ ಮುಂದಿನ ಹಂಗಾಮಿನ ನಂತರಕ್ಕೆ ದುಡ್ಡು ಕೇಳಿ. ಆಡಳಿತ ಮಂಡಳಿಗೆ ಟಿಪ್ಪಣಿ ಬರೆಯುವಾಗ ಮಾಡೆಲ್ ನಂಬರುಗಳಿಂದ ಶುರು ಮಾಡಬೇಡಿ. ಒಂದು ದಿನ ನುರಿಸುವಿಕೆ ನಿಂತರೆ ಎಷ್ಟು ಟನ್, ಎಷ್ಟು ರೂಪಾಯಿ ಎಂಬುದನ್ನು ಮೊದಲ ಸಾಲಿನಲ್ಲಿಡಿ.

ಎಲ್ಲವನ್ನೂ ಒಂದೇ ಸಲ ಬದಲಿಸುವ ಆಸೆ ಬೇಡ. ಮೊದಲ ವರ್ಷ ಒಂದು ಸೆಂಟ್ರಿಫ್ಯೂಗಲ್ ಅಥವಾ ನೀರಿನ ಪ್ಲಾಂಟ್ ಮಾಡಿ ಕೈ ಪಳಗಿಸಿಕೊಳ್ಳಿ. ತೆಗೆದ ಹಳೆಯ ಕಾರ್ಡುಗಳು ಉಳಿದ ಯಂತ್ರಗಳಿಗೆ ಸ್ಪೇರ್ ಆಗುತ್ತವೆ, ಹೀಗೆ ಹಂತಹಂತವಾಗಿ ಹೋಗುವುದರ ದೊಡ್ಡ ಲಾಭ ಇದು.

ಹೊಸ ಪಿಎಲ್‌ಸಿ ಆರಿಸುವಾಗ ಕಂಪನಿಯ ಬಳಿ ಆ ಮಾಡೆಲ್ ಇನ್ನೆಷ್ಟು ವರ್ಷ ಸಿಗುತ್ತದೆ ಎಂದು ಬರಹದಲ್ಲಿ ಪಡೆಯಿರಿ. ಅಗ್ಗಕ್ಕೆ ಸಿಗುತ್ತದೆಂದು ವಿದಾಯದ ಅಂಚಿನಲ್ಲಿರುವ ಸರಣಿ ಕೊಳ್ಳಬೇಡಿ. ನೆಟ್‌ವರ್ಕನ್ನೂ ನೋಡಿ: ಸೀಮೆನ್ಸ್‌ನ ಹೊಸ ಎಸ್7-1500 ಹಳೆಯ ಎಂಪಿಐ (ಎಸ್7-300 ಕಾಲದ ಸಂಪರ್ಕ ಜಾಲ) ಮಾತಾಡುವುದಿಲ್ಲ. ಎಂಪಿಐ ಮೇಲೆ ಕೂತ ಆಪರೇಟರ್ ಪ್ಯಾನಲ್ ಇದ್ದರೆ ಅದರ ಖರ್ಚನ್ನೂ ಮೊದಲೇ ಸೇರಿಸಿ. ಎಲ್ಲಕ್ಕಿಂತ ಮುಖ್ಯ, ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಹತ್ತಿರದಲ್ಲಿರುವ ಕಂಪನಿಯನ್ನೇ ಆರಿಸಿ.

ಯಂತ್ರ ಏನು ಮಾಡುತ್ತದೆ ಎಂದು ಬರೆಯಿರಿ

ಒಂದು ಸಾಲು ಕೋಡ್ ಬರೆಯುವ ಮುಂಚೆ ಯಂತ್ರದ ನಡವಳಿಕೆ ಕನ್ನಡದಲ್ಲಿ ಕಾಗದದ ಮೇಲೆ ಬರಬೇಕು, ಆಪರೇಟರ್ ಓದಿ ಸಹಿ ಹಾಕುವಂತಿರಬೇಕು.

ಬ್ಯಾಚ್ ಸೆಂಟ್ರಿಫ್ಯೂಗಲ್ ತೆಗೆದುಕೊಳ್ಳಿ. ಒಂದು ಸಲಕ್ಕೆ 1750 ಕೆಜಿ ಹಿಡಿಯುವ ಬುಟ್ಟಿ. ನಿಧಾನ ತಿರುಗುವಾಗ ಮೆಸಕ್ಯೂಟ್ (ಸಕ್ಕರೆ ಹರಳು, ಮೊಲಾಸಸ್ ಬೆರೆತ ಪಾಕ) ತುಂಬುತ್ತದೆ, ಗೇಟ್ ಮುಚ್ಚುತ್ತದೆ. ಸಾವಿರ ಆರ್‌ಪಿಎಂಗೂ ಮೇಲೆ ಹೋಗಿ ಮೊಲಾಸಸ್ ಹೊರದೂಡುತ್ತದೆ, ನಡುವೆ ಬಿಸಿನೀರಿನ ತೊಳೆತ. ಆಮೇಲೆ ಬ್ರೇಕ್. ವೇಗ ಐವತ್ತರ ಆಸುಪಾಸಿಗೆ ಇಳಿದ ಮೇಲೆ ಪ್ಲೋ (ಕೆರೆಯುವ ಅಲಗು) ಒಳಗಿಳಿದು ಸಕ್ಕರೆ ಕೆರೆದು ಕೆಳಗೆ ಬೀಳಿಸುತ್ತದೆ. ಪ್ಲೋ ತನ್ನ ಜಾಗಕ್ಕೆ ವಾಪಸಾದ ಲಿಮಿಟ್ ಸ್ವಿಚ್ ಬರುವವರೆಗೆ ಮೋಟರ್ ವೇಗ ಏರಕೂಡದು. ಬುಟ್ಟಿ ಓಲಾಡಿದರೆ ಗೈರೇಶನ್ ಸ್ವಿಚ್ ಕೂಡಲೇ ಟ್ರಿಪ್ ಮಾಡಬೇಕು. ಈ ಎರಡು ಇಂಟರ್‌ಲಾಕ್ (ಷರತ್ತು ಪೂರೈಸದೆ ಯಂತ್ರ ಓಡದಂತೆ ತಡೆಯುವ ವ್ಯವಸ್ಥೆ) ಹಳೆಯ ಪ್ಯಾನಲ್ಲಿನಲ್ಲಿ ರಿಲೇ ಮೂಲಕ ನೇರವಾಗಿ ವೈರ್ ಆಗಿದ್ದರೆ ಹಾಗೆಯೇ ಉಳಿಸಿ. ಪಿಎಲ್‌ಸಿ ಪ್ರೋಗ್ರಾಮಿನಲ್ಲೂ ಇರಲಿ, ಆದರೆ ಅದರ ಮೇಲಷ್ಟೇ ನಂಬಿಕೆ ಇಡಬೇಡಿ. ಎಮರ್ಜೆನ್ಸಿ ಸ್ಟಾಪಿಗೂ ಬಾಯ್ಲರಿನ ಟ್ರಿಪ್ಪುಗಳಿಗೂ ಇದೇ ನಿಯಮ.

ಈ ದಾಖಲೆ ತಯಾರಿಸಲು ಮೂರೂ ಶಿಫ್ಟಿನ ಆಪರೇಟರುಗಳ ಪಕ್ಕ ಕೂರಿ. 'ಸಾಹೇಬ್ರ, ಮೊದಲ ಸಲ ಒತ್ತಿದ್ರ ಸೈರನ್ ಅಷ್ಟ ಆಗ್ತದ್ರಿ, ಎರಡನೇ ಸಲ ಒತ್ತಿದ್ರ ಶುರು ಆಗ್ತದ' ಎಂಬಂಥ ಮಾತು ಯಾವ ಡ್ರಾಯಿಂಗಿನಲ್ಲೂ ಸಿಗುವುದಿಲ್ಲ. ಕ್ಯಾರಿಯರ್ ಪಕ್ಕ ನಿಂತವನಿಗೆ ಎಚ್ಚರಿಕೆ ಕೊಡಲೆಂದು ಯಾರೋ ಯೋಚಿಸಿ ಹಾಕಿದ ವ್ಯವಸ್ಥೆ ಅದು. ಹೊಸ ಪ್ರೋಗ್ರಾಮಿನಲ್ಲಿ ಅದು ಬಿಟ್ಟುಹೋದರೆ ಅಪಾಯ ಜೀವಕ್ಕೆ.

ಪರಿವರ್ತನೆಯಲ್ಲಿ ಎಡವುವ ಜಾಗಗಳು

ಎಸ್5 ಪ್ರೋಗ್ರಾಮನ್ನು ಸೀಮೆನ್ಸ್‌ನ ಹೊಸ ಪ್ರೋಗ್ರಾಮಿಂಗ್ ಸಾಫ್ಟ್‌ವೇರಾದ ಟಿಐಎ ಪೋರ್ಟಲಿಗೆ ನೇರ ತರಲಾಗದು. ಮೊದಲು ಹಳೆಯ ಸ್ಟೆಪ್ 7ರ ಕನ್ವರ್ಟರಿನಲ್ಲಿ ಎಸ್7 ಮಾಡಿ, ಅಲ್ಲಿಂದ ಪೋರ್ಟಲಿಗೆ. ಮೆಮೊರಿಯ ವಿಳಾಸವನ್ನೇ ನೇರ ಮುಟ್ಟುವ ಎಲ್‌ಐಆರ್, ಟಿಐಆರ್ ಆದೇಶಗಳು ಈ ದಾರಿಯಲ್ಲಿ ಬರುವುದಿಲ್ಲ, ಅವನ್ನು ಕೈಯಿಂದಲೇ ಬರೆಯಬೇಕು. ನನ್ನ ಅಭಿಪ್ರಾಯದಲ್ಲಿ ಚಿಕ್ಕ ಯಂತ್ರಗಳಿಗೆ ಕನ್ವರ್ಟರ್ ಬಿಟ್ಟು, ಮೇಲೆ ಹೇಳಿದ ದಾಖಲೆ ನೋಡಿ ಹೊಸದಾಗಿ ಬರೆಯುವುದೇ ಮೇಲು. ಪರಿವರ್ತಿತ ಕೋಡು ಓಡುತ್ತದೆ, ಆದರೆ ಐದು ವರ್ಷದ ನಂತರ ಬಂದವರಿಗೆ ಓದಿ ಅರ್ಥವಾಗುವುದಿಲ್ಲ.

ವಿಳಾಸ: ಎಸ್5ನ ಡೇಟಾ ಬ್ಲಾಕ್ ಪದಗಳ (ವರ್ಡ್, ಎಂದರೆ ಎರಡು ಬೈಟು) ಲೆಕ್ಕದಲ್ಲಿ, ಎಸ್7ನದು ಬೈಟುಗಳ ಲೆಕ್ಕದಲ್ಲಿ. ಹಳೆಯ ಡಿಡಬ್ಲ್ಯೂ 10 ಹೊಸದರಲ್ಲಿ ಡಿಬಿಡಬ್ಲ್ಯೂ 20. ಸ್ಕಾಡಾದ (ಕಂಟ್ರೋಲ್ ರೂಮಿನ ಸ್ಕ್ರೀನ್ ವ್ಯವಸ್ಥೆ) ಟ್ಯಾಗುಗಳೂ ಅದಕ್ಕೆ ತಕ್ಕಂತೆ ಬದಲಾಗಬೇಕು.

ಟೈಮರ್: ಎಸ್5ನಲ್ಲಿ ಸಮಯ ಬರೆಯುವ ರೀತಿಯಲ್ಲಿ ಕೆಟಿ 100.1 ಎಂದರೆ 10 ಸೆಕೆಂಡ್, ಕೆಟಿ 100.2 ಎಂದರೆ 100 ಸೆಕೆಂಡ್. ಚುಕ್ಕಿಯ ನಂತರದ ಅಂಕಿಯನ್ನು ದಶಮಾಂಶವೆಂದು ಓದಿದರೆ ತೊಳೆತದ ಸಮಯವೆಲ್ಲ ಏರುಪೇರು.

ಅನಲಾಗ್: 4-20 ಮಿಲಿಆಂಪ್ ಸಿಗ್ನಲ್ ಎಸ್5ನಲ್ಲಿ 512ರಿಂದ 2560, ಎಸ್‌ಎಲ್‌ಸಿಯಲ್ಲಿ 3277ರಿಂದ 16384, ಎಸ್7ನಲ್ಲಿ 0ಯಿಂದ 27648. ಸ್ಕೇಲಿಂಗ್ ಬದಲಿಸುವುದು ಎಲ್ಲರಿಗೂ ನೆನಪಿರುತ್ತದೆ. ಪ್ರೋಗ್ರಾಮಿನ ನಡುವೆ ನೇರ ಅಂಕಿಯಾಗಿ ಬರೆದ ಅಲಾರಂ ಮಿತಿಗಳು ಮರೆತುಹೋಗುತ್ತವೆ, ಅವನ್ನು ಒಂದೊಂದಾಗಿ ಹುಡುಕಿ.

ಉಳಿಯುವ ಮೆಮೊರಿ: ಎಸ್5-115ಯುನಲ್ಲಿ 0ಯಿಂದ 127ರವರೆಗಿನ ಫ್ಲ್ಯಾಗ್ (ಪ್ರೋಗ್ರಾಮಿನ ಒಳಗಿನ ಗುರುತುಗಳ ಮೆಮೊರಿ) ಬೈಟುಗಳು ಕರೆಂಟ್ ಹೋದರೂ ನೆನಪಿಟ್ಟುಕೊಳ್ಳುತ್ತವೆ. ಹೊಸ ಸಿಪಿಯುನಲ್ಲಿ ಯಾವುದು ಉಳಿಯಬೇಕೆಂದು ನೀವೇ ಹೇಳಬೇಕು. ಕರೆಂಟ್ ಹೋಗಿ ಬಂದಾಗ ಸೆಂಟ್ರಿಫ್ಯೂಗಲ್ ತಾನು ಯಾವ ಹಂತದಲ್ಲಿದ್ದೆ ಎಂದು ಮರೆತರೆ ತುಂಬಿದ ಬುಟ್ಟಿಗೇ ಮತ್ತೆ ತುಂಬಲು ಹೊರಡಬಹುದು.

ವೇಗ: ಹಳೆಯ ಸಿಪಿಯು ಒಂದು ಸುತ್ತು ಮುಗಿಸಲು 40 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿದ್ದರೆ ಹೊಸದು ಎರಡು-ಮೂರರಲ್ಲಿ ಮುಗಿಸುತ್ತದೆ. ಹಳೆಯದರ ನಿಧಾನವೇ ಮರೆಮಾಡಿದ್ದ ಲಿಮಿಟ್ ಸ್ವಿಚ್ಚಿನ ಅದುರಾಟ ಈಗ ಹತ್ತು ಸಿಗ್ನಲ್ಲಾಗಿ ಕಾಣುತ್ತದೆ. ಇನ್‌ಪುಟ್ ಫಿಲ್ಟರ್ ಸಮಯ ಹೊಂದಿಸಿ.

ಇನ್‌ಪುಟ್ ಕರೆಂಟ್: ಹಳೆಯ 24 ವೋಲ್ಟ್ ಇನ್‌ಪುಟ್ ಕಾರ್ಡುಗಳು 7-8 ಮಿಲಿಆಂಪ್ ಎಳೆಯುತ್ತಿದ್ದವು, ಹೊಸವು ಹಲವು 2.5ರಷ್ಟೇ ಎಳೆಯುತ್ತವೆ. ಎರಡು ವೈರಿನ ಪ್ರಾಕ್ಸಿಮಿಟಿ ಸ್ವಿಚ್ ಆಫ್ ಇದ್ದಾಗಲೂ ಸ್ವಲ್ಪ ಕರೆಂಟ್ ಸೋರುತ್ತದೆ, ಉದ್ದ ಕೇಬಲ್ಲಿನಲ್ಲಿ ಪಕ್ಕದ ಲೈನಿಂದಲೂ ವೋಲ್ಟೇಜ್ ಹತ್ತುತ್ತದೆ. ಹಳೆಯ ಕಾರ್ಡು ಅದನ್ನು ಲೆಕ್ಕಿಸುತ್ತಿರಲಿಲ್ಲ, ಹೊಸದು ಆನ್ ಎಂದೇ ಓದಬಹುದು. ಇನ್‌ಪುಟ್ಟಿಗೆ ಅಡ್ಡಲಾಗಿ ರೆಸಿಸ್ಟರ್ ಹಾಕಿ, ಇಲ್ಲವೇ ನಡುವೆ ರಿಲೇ ಕೊಡಿ. 230 ವೋಲ್ಟ್ ಎಸಿ ಇನ್‌ಪುಟ್ ಇರುವ ಪ್ಯಾನಲ್ಲುಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ಮೊದಲು ಟೇಬಲ್ ಮೇಲೆ, ಆಮೇಲೆ ಪ್ಯಾನಲ್ಲಿನಲ್ಲಿ

ಹೊಸ ರ‍್ಯಾಕ್ ಅನ್ನು ಟೇಬಲ್ ಮೇಲೆ ಕಟ್ಟಿ, ಆಪರೇಟರನ್ನು ಕೂರಿಸಿ, ಸ್ವಿಚ್ಚುಗಳಿಂದಲೇ ಪೂರ್ತಿ ಸೈಕಲ್ ಓಡಿಸಿ. ಮೊದಲು ಸರಿಯಾಗಿ, ಆಮೇಲೆ ಬೇಕೆಂದೇ ತಪ್ಪಾಗಿ: ಪ್ಲೋ ಸಿಗ್ನಲ್ ಕೊಡಬೇಡಿ, ವೇಗದ ವೈರ್ ಕಿತ್ತುಹಾಕಿ, ತೊಳೆತದ ನಡುವೆ ಕರೆಂಟ್ ತೆಗೆಯಿರಿ. ಪ್ರತಿ ಸಲ ಏನಾಗಬೇಕೋ ಅದೇ ಆಯಿತೇ ಎಂದು ಗುರುತು ಹಾಕಿ.

ಪ್ಯಾನಲ್ಲಿನಲ್ಲಿ ಕೆಲಸ ಈ ಕ್ರಮದಲ್ಲಿ ನಡೆಯಲಿ:

1. ಲಾಕ್ ಹಾಕಿ ಟ್ಯಾಗ್ ಕಟ್ಟಿ. ವೋಲ್ಟೇಜ್ ಇಲ್ಲವೆಂದು ಅಳೆದು ಖಚಿತಪಡಿಸಿಕೊಳ್ಳಿ. ಬೇರೆ ಪ್ಯಾನಲ್ಲಿಂದ ಬರುವ ಇಂಟರ್‌ಲಾಕ್ ವೈರಿನಲ್ಲಿ ಇನ್ನೂ 230 ವೋಲ್ಟ್ ಇರಬಹುದು.
2. ವೈರ್ ಬಿಚ್ಚುವ ಮುಂಚೆ ಪ್ರತಿಯೊಂದಕ್ಕೂ ಹಳೆಯ ವಿಳಾಸ, ಹೊಸ ವಿಳಾಸ ಎರಡೂ ಇರುವ ಫೆರುಲ್ ಹಾಕಿ.
3. ಶೀಲ್ಡ್‌ಗಳನ್ನು, ಅರ್ತಿಂಗನ್ನು ಈಗಲೇ ಸರಿಮಾಡಿ. ಮತ್ತೆ ಪ್ಯಾನಲ್ ಇಷ್ಟು ಖಾಲಿ ಸಿಗುವುದಿಲ್ಲ.
4. ಫ್ಯೂಸ್ ಒಂದೊಂದೇ ಹಾಕುತ್ತಾ ಸಪ್ಲೈ ಕೊಡಿ.
5. ಲೂಪ್ ಚೆಕಿಂಗ್: ಒಬ್ಬರು ಫೀಲ್ಡಿನಲ್ಲಿ, ಒಬ್ಬರು ಸ್ಕ್ರೀನ್ ಮುಂದೆ. ಟರ್ಮಿನಲ್ಲಿನಿಂದ ಜಂಪರ್ ಕೊಟ್ಟು ಮುಗಿಸಬೇಡಿ. ನಿಜವಾದ ಸ್ವಿಚ್ಚನ್ನೇ ಒತ್ತಿ, ನಿಜವಾದ ವಾಲ್ವನ್ನೇ ಕಣ್ಣಲ್ಲಿ ನೋಡಿ.
6. ಎಮರ್ಜೆನ್ಸಿ ಸ್ಟಾಪ್ ಎಲ್ಲವನ್ನೂ ಒತ್ತಿ ನೋಡಿದ ಮೇಲಷ್ಟೇ ಮೋಟರಿಗೆ ಕರೆಂಟ್.
7. ಖಾಲಿ ಓಟ, ನೀರಿನ ಓಟ, ಕೊನೆಗೆ ನಿಜವಾದ ಮಾಲು.

ಹೊಸದರ ಮೊದಲ ಹಂಗಾಮು

ಮೊದಲ ವಾರಗಳಲ್ಲಿ ಸಿಗ್ನಲ್ ಫೋರ್ಸ್ ಮಾಡುವುದು (ಪ್ರೋಗ್ರಾಮಿಂಗ್ ಲ್ಯಾಪ್‌ಟಾಪಿನಿಂದಲೇ ಆನ್ ಅಥವಾ ಆಫ್ ಎಂದು ಹಿಡಿದಿಡುವುದು), ಇಂಟರ್‌ಲಾಕ್ ಬೈಪಾಸ್ ಮಾಡುವುದು ಬಂದೇ ಬರುತ್ತದೆ. ಅದಕ್ಕೊಂದು ರಿಜಿಸ್ಟರ್ ಇಡಿ: ಯಾವುದು, ಯಾಕೆ, ಯಾರು, ಯಾವಾಗ ತೆಗೆದರು. ಶಿಫ್ಟ್ ಬದಲಾಗುವಾಗ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಪ್ರೋಗ್ರಾಮ್ ತಿದ್ದಿದ ದಿನವೇ ಬ್ಯಾಕಪ್ ತೆಗೆದು ಮೂರು ಕಡೆ ಇಡಿ, ಒಂದು ಕಾರ್ಖಾನೆಯ ಹೊರಗಿರಲಿ.

ಹೊಸ ಪಿಎಲ್‌ಸಿಗಳು ಈಥರ್ನೆಟ್‌ನಲ್ಲಿ ಕೂತಿರುತ್ತವೆ, ಹಳೆಯವಕ್ಕಿಂತ ಇವಕ್ಕೆ ಹೊರಗಿನ ದಾಳಿಯ ಭಯ ಹೆಚ್ಚು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಹುಳು ಪೆನ್‌ಡ್ರೈವ್ ಮೂಲಕ ಹರಡಿ ಸೀಮೆನ್ಸ್ ಎಸ್7-300, ಎಸ್7-400 ಸಿಪಿಯುಗಳ ಕೋಡನ್ನೇ ಬದಲಿಸುತ್ತಿತ್ತು. ಆಫೀಸಿನ ನೆಟ್‌ವರ್ಕಿಗೂ ಪ್ಲಾಂಟಿನದಕ್ಕೂ ನಡುವೆ ಫೈರ್‌ವಾಲ್ ಇರಲಿ. ಪ್ರೋಗ್ರಾಮಿಂಗ್ ಲ್ಯಾಪ್‌ಟಾಪಿನಲ್ಲಿ ಬೇರೆ ಯಾವ ಕೆಲಸವೂ ಬೇಡ. ಮಾರಿದವರಿಗೆ ದೂರದಿಂದ ಬರುವ ಬಾಗಿಲು ಬೇಕಿದ್ದರೆ ಅವರು ಕೇಳಿದಾಗ ತೆರೆದು, ಕೆಲಸ ಮುಗಿದ ಕೂಡಲೇ ಮುಚ್ಚಿ. ಪಾಸ್‌ವರ್ಡ್ ಒಪ್ಪಂದದ ಭಾಗವಾಗಿ ಕಾರ್ಖಾನೆಯ ಬಳಿಯೇ ಇರಬೇಕು, ಇಬ್ಬರು ಅಧಿಕಾರಿಗಳ ಸಹಿಯ ಲಕೋಟೆಯಲ್ಲಿ.

ಬಿಚ್ಚಿದ ಹಳೆಯ ರ‍್ಯಾಕನ್ನು ಒಂದು ಪೂರ್ತಿ ಹಂಗಾಮು ಮುಗಿಯುವವರೆಗೆ ಕಾರ್ಡುಗಳ ಸಮೇತ ಹಾಗೆಯೇ ಇಡಿ, ಸ್ಕ್ರ್ಯಾಪಿನವರಿಗೆ ಕೊಡಬೇಡಿ. ಹೊಸದು ಏಕೆ ಹೀಗೆ ಮಾಡುತ್ತಿದೆ ಎಂಬ ಅನುಮಾನ ಬಂದಾಗ ಹಳೆಯದನ್ನು ಟೇಬಲ್ ಮೇಲೆ ಓಡಿಸಿ ನೋಡುವಷ್ಟು ಸ್ಪಷ್ಟ ಉತ್ತರ ಬೇರೆಲ್ಲೂ ಸಿಗುವುದಿಲ್ಲ. ಹಂಗಾಮು ಮುಗಿದ ಮೇಲೆ ಕಾರ್ಡುಗಳನ್ನು ಟೆಸ್ಟ್ ರ‍್ಯಾಕಿನಲ್ಲಿ ಪರೀಕ್ಷಿಸಿ, ಚೆನ್ನಾಗಿರುವುದಕ್ಕೆ ದಿನಾಂಕದ ಚೀಟಿ ಅಂಟಿಸಿ ಸ್ಟೋರಿಗೆ ಕಳಿಸಿ, ಮತ್ತು ಮೊದಲು ಹಿಡಿದ ಲೆಕ್ಕದ ನೋಟ್‌ಬುಕ್ಕಿನಲ್ಲಿ ಮುಂದಿನ ಯಂತ್ರದ ಸರದಿ ಯಾವುದೆಂದು ನೋಡಿ.